ಮತಪತ್ರದ ಬೆನ್ನ ಮೇಲಿನ ನಂಬರು

ಚುನಾವಣೆ ಬಂತೆಂದರೆ ನಮ್ಮ ಕಚೇರಿಯಲ್ಲಿ ಎಲ್ಲರಿಗೂ ಒಮ್ಮೆಲೇ ಕಾಯಿಲೆ ಬರುತ್ತದೆ. ಹಿಂದಿನ ದಿನದವರೆಗೆ ಮೂರು ಮಹಡಿ ಓಡಿ ಹತ್ತುತ್ತಿದ್ದ ಕ್ಯಾಷಿಯರು, ಚುನಾವಣಾ ಕೆಲಸದ ಆದೇಶ ಕೈಗೆ ಬಂದ ಮರುದಿನ ಸೊಂಟ ಹಿಡಿದುಕೊಂಡು ಬರುತ್ತಾರೆ. ಹಿರಿಯ ಗುಮಾಸ್ತರ ಕಿವಿ ಇದ್ದಕ್ಕಿದ್ದಂತೆ ಮಂದವಾಗುತ್ತದೆ. ವಿನಾಯಿತಿ ಕೊಡಿ ಎಂದು ಅರ್ಜಿ ಬರೆಯುವಾಗ ಮಾತ್ರ ಯಾರಿಗೂ ಕೈನೋವು ಇರುವುದಿಲ್ಲ.

ನಾನು ನೀರು ಸರಬರಾಜು ಕಚೇರಿಯಲ್ಲಿ ಗುಮಾಸ್ತೆ. ನನಗೆ ಚುನಾವಣೆ ಕೆಲಸವೆಂದರೆ ಇಷ್ಟ. ಸುಳ್ಳು ಯಾಕೆ ಹೇಳಲಿ? ವರ್ಷವೆಲ್ಲ ಮೀಟರಿನ ಅಂಕಿಗಳನ್ನೇ ನೋಡುವ ಕಣ್ಣಿಗೆ ಆ ಒಂದು ದಿನ ಮನುಷ್ಯರ ಮುಖ ನೋಡಲು ಸಿಗುತ್ತದೆ. ಯಾರು ಗಂಡನನ್ನು ಹಿಂದೆ ಬಿಟ್ಟು ತಾವೇ ಮುಂದೆ ನಿಲ್ಲುತ್ತಾರೆ, ಯಾರು ಬೆರಳಿಗೆ ಮಸಿ ಹಾಕುವಾಗ ಕಣ್ಣು ಮುಚ್ಚುತ್ತಾರೆ, ಎಲ್ಲ ನೋಡುತ್ತ ಕೂರುತ್ತೇನೆ. ನನ್ನ ಸ್ವಭಾವವೇ ಹಾಗೆ. ಕಂಡದ್ದಕ್ಕೆಲ್ಲ ‘ಯಾಕೆ?’ ಎಂದು ಕೇಳುವುದು ಚಿಕ್ಕಂದಿನ ಚಾಳಿ. ಅದಕ್ಕೇ ಮನೆಯಲ್ಲೂ ಕಚೇರಿಯಲ್ಲೂ ನನ್ನನ್ನು ಯಾಕಮ್ಮ ಎಂದೇ ಕರೆಯುತ್ತಾರೆ.

ಮತಗಟ್ಟೆಯಲ್ಲಿ ನನ್ನ ಕೆಲಸ ಮತಪತ್ರ ಹರಿದು ಕೊಡುವುದು. ನಮ್ಮ ಪಟ್ಟಣದ ಚುನಾವಣೆ ಇನ್ನೂ ಕಾಗದದಲ್ಲೇ ನಡೆಯುತ್ತದೆ. ಮತಪತ್ರಗಳ ಪುಸ್ತಕ ರಸೀದಿ ಪುಸ್ತಕದ ಹಾಗೆ ಇರುತ್ತದೆ. ಒಂದು ಭಾಗ ಹರಿದು ಮತದಾರರಿಗೆ ಕೊಡಬೇಕು, ಇನ್ನೊಂದು ತುಂಡು ಪುಸ್ತಕದಲ್ಲೇ ಉಳಿಯುತ್ತದೆ. ಉಳಿಯುವ ತುಂಡಿನ ಮೇಲೆ ಪಟ್ಟಿಯಲ್ಲಿರುವ ಅವರ ಕ್ರಮಸಂಖ್ಯೆ ಬರೆದು, ರುಜು ಹಾಕಿಸಿಕೊಂಡು, ಮತಪತ್ರವನ್ನು ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ ಮಡಚಿ ಕೊಡುತ್ತೇನೆ. ಆರು ಚುನಾವಣೆಗಳಿಂದ ಇದೇ ಕೆಲಸ. ಯಾಕೆ ಬರೆಯುತ್ತೇವೆ ಎಂದು ಈ ಯಾಕಮ್ಮ ಒಂದು ಸಲವೂ ಕೇಳಿರಲಿಲ್ಲ. ಅದನ್ನು ಕೇಳುವ ಹಾಗೆ ಮಾಡಿದವರು ನಮ್ಮ ಮಾವ.

ನಾವಿರುವುದು ಬಾಡಿಗೆ ಮನೆಯಲ್ಲಿ. ಒಂದೇ ಸಾಲಿನಲ್ಲಿ ಒಂಬತ್ತು ಮನೆ, ಅಂಗಳದ ನಡುವೆ ಒಂದು ನಲ್ಲಿ. ಒಂಬತ್ತಕ್ಕೂ ಒಬ್ಬರೇ ಓನರು. ಈ ಸಲ ನಮ್ಮ ವಾರ್ಡಿನಿಂದ ಅವರೇ ಸ್ಪರ್ಧಿಸಿದ್ದರು. ಒಂದು ಬೆಳಿಗ್ಗೆ ಬಿಂದಿಗೆ, ಬಕೆಟ್ಟುಗಳೆಲ್ಲ ನಲ್ಲಿಯ ಮುಂದೆ ಸಾಲಾಗಿದ್ದಾಗ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದು ನಿಂತರು. ಕೈ ಮುಗಿದರು. ನಗುನಗುತ್ತಲೇ ಹೇಳಿದರು.

“ನಮ್ಮ ಕಟ್ಟಡದಲ್ಲಿ ಇಪ್ಪತ್ತಾರು ಓಟಿದೆ. ಇಪ್ಪತ್ತಾರೂ ನನಗೇ ಬರುತ್ತೆ ಅಂತ ಗೊತ್ತು. ಬರದೆ ಹೋದ್ರೂ ಗೊತ್ತಾಗುತ್ತೆ. ಯಾರು ಯಾರಿಗೆ ಒತ್ತಿದ್ರು ಅಂತ ತಿಳ್ಕೊಳ್ಳೋಕೆ ನನಗೆ ಒಂದು ದಿನ ಸಾಕು. ಆಮೇಲೆ ಬೇರೆ ಮನೆ ಹುಡುಕ್ಕೊಳ್ಳೋ ಕಷ್ಟ ಯಾರಿಗೂ ಬೇಡ, ಅಲ್ವಾ?”

ಅವರು ಹೋದ ಮೇಲೆ ಪಕ್ಕದ ಮನೆಯ ಟೈಲರಮ್ಮನ ಬಕೆಟ್ಟು ತುಂಬಿ ಹರಿಯುತ್ತಿತ್ತು, ಅವಳಿಗೆ ಅದರ ಪರಿವೆಯೇ ಇಲ್ಲ. ಅವಳ ಹೊಲಿಗೆ ಮೆಷಿನ್ನು ಮುಂದಿನ ಕೋಣೆಯಲ್ಲೇ ಇದೆ. ಹತ್ತು ವರ್ಷದಿಂದ ಗಿರಾಕಿಗಳು ಆ ಬಾಗಿಲಿಗೇ ಬರುತ್ತಾರೆ. ಮನೆ ಬಿಡುವುದೆಂದರೆ ಅವಳಿಗೆ ಅಂಗಡಿ ಮುಚ್ಚಿದ ಹಾಗೆ.

“ಮಾವ, ನಿಜವಾಗ್ಲೂ ಗೊತ್ತಾಗುತ್ತಾ?” ಎಂದು ಅವಳು ನಮ್ಮ ಮಾವನನ್ನು ಕೇಳಿದಳು. ಸಾಲಿನ ಎಲ್ಲರಿಗೂ ಅವರು ಮಾವನೇ.

ಯಾಕೆ ಅವರನ್ನೇ ಕೇಳಿದಳು ಎಂದರೆ, ಮಾವ ಮೂವತ್ತು ವರ್ಷ ಮುದ್ರಣಾಲಯದಲ್ಲಿ ದುಡಿದವರು. ಕಾಗದದ ವಿಷಯದಲ್ಲಿ ಅವರ ಮಾತಿಗೆ ಎದುರು ಮಾತಿಲ್ಲ. ಬೆರಳಲ್ಲಿ ತೀಡಿ ನೋಡಿ ಕಾಗದದ ತೂಕ ಹೇಳುತ್ತಾರೆ.

ಮಾವ ಟವೆಲಿನಲ್ಲಿ ಕೈ ಒರೆಸಿಕೊಂಡರು. “ಗೊತ್ತಾಗುತ್ತೆ ಕಣಮ್ಮ. ಮತಪತ್ರದ ಬೆನ್ನ ಮೇಲೆ ನಂಬರ್ ಇರುತ್ತೆ. ಅದೇ ನಂಬರ್ ಪುಸ್ತಕದಲ್ಲಿ ಉಳಿಯೋ ತುಂಡಿನ ಮೇಲೂ ಇರುತ್ತೆ. ಆ ತುಂಡಿಗೆ ನಿನ್ನ ರುಜು ಹಾಕಿಸ್ಕೋತಾರೆ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಮುಗೀತು. ಆ ನಂಬರಿನ ಅಚ್ಚು ಕೂರಿಸಿ ಒತ್ತಿದ್ದು ನಾನೇ.”

“ಹಾಗಾದ್ರೆ ಏನ್ ಮಾಡೋದು?”

“ಹೋಗಲೇಬೇಡಿ. ಹಾಕದೆ ಇದ್ದ ಓಟನ್ನ ಯಾರೂ ಹುಡುಕೋಕಾಗಲ್ಲ. ನಾನು ಇಪ್ಪತ್ತೆಂಟು ವರ್ಷದಿಂದ ಹೋಗಿಲ್ಲ. ಏನೂ ಆಗಿಲ್ಲ.”

ಬಿಂದಿಗೆ ತುಂಬುವಷ್ಟರಲ್ಲಿ ಒಂಬತ್ತು ಮನೆಗಳ ತೀರ್ಮಾನವಾಗಿಹೋಯಿತು. ಓನರಿಗೂ ಬೇಡ, ಬೇರೆಯವರಿಗೂ ಬೇಡ, ಯಾರೂ ಹೋಗುವುದೇ ಬೇಡ. ನಾನು ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡೆ. ಊರಿನವರಿಗೆಲ್ಲ ಮತಪತ್ರ ಹರಿದು ಕೊಡುವವಳ ಮನೆ ಅಂಗಳದಿಂದ ಒಂದು ಓಟೂ ಹೋಗುವುದಿಲ್ಲವೆಂದರೆ ಏನರ್ಥ?

ಸಂಜೆ ಚಹಾ ಲೋಟ ಮಾವನ ಮುಂದಿಟ್ಟು ಕೂತೆ. ನಮ್ಮ ಮನೆಯವರು, ಶಾಲಾ ವ್ಯಾನು ಓಡಿಸುವವರು, ಆಗ ತಾನೇ ಬಂದು ಚಪ್ಪಲಿ ಬಿಡುತ್ತಿದ್ದರು.

“ಮಾವ, ಓಟು ಗುಟ್ಟಾಗಿರುತ್ತೆ. ಕಾನೂನೇ ಇದೆ” ಎಂದೆ.

“ಕಾನೂನು ಇರಲಿ ತಾಯಿ. ನಂಬರ್ ಇದೆಯೋ ಇಲ್ವೋ?”

“ಇದೆ.”

“ಉಳಿದ ತುಂಡಿನ ಮೇಲೆ ಮತದಾರರ ಕ್ರಮಸಂಖ್ಯೆ ಬರೆಯೋದು ಯಾರು?”

“ನಾನೇ.”

“ಯಾಕೆ ಬರೀತೀಯ?”

ನಮ್ಮ ಮನೆಯವರು ಒಳಗಿನಿಂದಲೇ ನಕ್ಕರು. “ಯಾಕಮ್ಮನಿಗೇ ಯಾಕೆ ಅಂತ ಕೇಳಿಬಿಟ್ಟೆಯಲ್ಲಪ್ಪ!”

ಮಾವ ನಗಲಿಲ್ಲ. ಅವರು ಹಳೆಯ ವಿಷಯ ತೆಗೆದರು. ಮದುವೆಯಾಗಿ ಬಂದು ಹದಿನಾಲ್ಕು ವರ್ಷವಾಗಿದೆ, ನಾನು ಅದನ್ನು ಕೇಳಿದ್ದು ಅದೇ ಮೊದಲು.

ಅವರ ಮುದ್ರಣಾಲಯದ ಧಣಿಯ ಭಾವಮೈದ ಒಮ್ಮೆ ಚುನಾವಣೆಗೆ ನಿಂತಿದ್ದನಂತೆ. ಕೆಲಸಗಾರರೆಲ್ಲ ಅವನಿಗೇ ಹಾಕಬೇಕೆಂದು ಧಣಿಯ ಅಪ್ಪಣೆಯಾಗಿತ್ತು. ಮಾವ ಹಾಕಲಿಲ್ಲ. ಮತದಾನದ ಮರುದಿನ ಧಣಿ ಒಬ್ಬೊಬ್ಬರನ್ನೇ ತಮ್ಮ ಕೋಣೆಗೆ ಕರೆದರು. ಮಾವ ಹೊರಗೆ ಬಂದಾಗ ಕೆಲಸ ಇರಲಿಲ್ಲ. ಮತ್ತೊಂದು ಮುದ್ರಣಾಲಯದಲ್ಲಿ ಕೆಲಸ ಸಿಗುವವರೆಗೆ ಎಂಟು ತಿಂಗಳು ಮನೆಯಲ್ಲಿ ಕೂತರು. ಅತ್ತೆ ತಮ್ಮ ಅಣ್ಣನ ಮನೆಯಿಂದ ಅಕ್ಕಿ ತಂದು ಬೇಯಿಸಿದರು.

“ನಂಬರ್ ನೋಡಿಯೇ ಗೊತ್ತಾಗಿರೋದು. ಬೇರೆ ಹೇಗೆ?” ಎಂದರು ಮಾವ. “ಆವತ್ತೇ ಕೊನೆ. ಮತ್ತೆ ಆ ಕಡೆ ತಲೆ ಹಾಕಿಲ್ಲ.”

ನನಗೆ ಅವರ ಮೇಲೆ ಮರುಕವೂ ಬಂತು, ಆ ಧಣಿಯ ಮೇಲೆ ಸಿಟ್ಟೂ ಬಂತು. “ನಾನು ಕೇಳ್ಕೊಂಡು ಬರ್ತೀನಿ ಮಾವ. ನಾಳಿದ್ದು ನಮಗೆ ತರಬೇತಿ ಇದೆ. ಉತ್ತರ ತಂದೇ ತರ್ತೀನಿ” ಎಂದೆ.

“ತಾ. ಅದಕ್ಕೆ ಮುಂಚೆ ಒಂದು ಹೇಳು. ಊರವರ ಬೆರಳಿಗೆಲ್ಲ ಮಸಿ ಹಾಕಿಸ್ತೀಯ. ನೀನು ಓಟು ಹಾಕಿ ಎಷ್ಟು ವರ್ಷ ಆಯ್ತು?”

ಮಾವ ಸುಮ್ಮನೆ ಅಚ್ಚಿನ ಮೊಳೆ ಜೋಡಿಸಿದವರಲ್ಲ. ಸರಿಯಾದ ಜಾಗಕ್ಕೇ ಒತ್ತಿದರು. ಚುನಾವಣೆ ಕೆಲಸಕ್ಕೆ ಹೋಗುವವರು ಅಂಚೆಯ ಮೂಲಕ ಮತ ಹಾಕಬಹುದು, ಅದಕ್ಕೊಂದು ಫಾರಂ ಇದೆ. ಆದೇಶದ ಜೊತೆಯಲ್ಲೇ ಅದನ್ನೂ ಕೊಡುತ್ತಾರೆ. ಮೂರು ಚುನಾವಣೆಗಳಿಂದ ನಾನು ಅದನ್ನು ಮೇಜಿನ ಖಾನೆಗೆ ಹಾಕಿ ಮರೆಯುತ್ತ ಬಂದಿದ್ದೆ. ನನ್ನ ಜೊತೆಯವರಲ್ಲಿ ಅರ್ಧಕ್ಕರ್ಧ ಜನರ ಕಥೆ ಇದೇ. ದೀಪದ ಕೆಳಗೆ ಕತ್ತಲೆ ಎನ್ನುವುದು ನಮ್ಮಂಥವರನ್ನು ನೋಡಿಯೇ ಇರಬೇಕು.

“ಮೂರು ಚುನಾವಣೆಯಿಂದ ಹಾಕಿಲ್ಲ ಮಾವ” ಎಂದೆ.

“ಸರಿ. ನೀನು ಫಾರಂ ತುಂಬಿಸು, ಉತ್ತರಾನೂ ತಾ. ಆಮೇಲೆ ನನ್ನ ವಿಷಯ ನೋಡೋಣ.”

ತರಬೇತಿ ನಡೆದದ್ದು ಒಂದು ಶಾಲೆಯ ಸಭಾಂಗಣದಲ್ಲಿ. ಇನ್ನೂರು ಜನ ನೌಕರರು, ಎಂಟು ಫ್ಯಾನು, ಅದರಲ್ಲಿ ತಿರುಗುತ್ತಿದ್ದದ್ದು ಐದು. ತರಬೇತಿ ಕೊಡುವ ಮೇಷ್ಟ್ರು ಪೆಟ್ಟಿಗೆ ಮುಚ್ಚುವುದು, ಅರಗು ಹಾಕುವುದು, ಫಾರಂ ತುಂಬುವುದು ಎಲ್ಲ ಹೇಳಿ ಕೊನೆಗೆ, “ಪ್ರಶ್ನೆ ಇದ್ದರೆ ಕೇಳಿ” ಎಂದರು. ಒಬ್ಬರು ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದರು. ಇನ್ನೊಬ್ಬರು ಮತಗಟ್ಟೆಯಲ್ಲಿ ಶೌಚಾಲಯ ಇದೆಯೇ ಎಂದರು. ಅದು ನ್ಯಾಯವಾದ ಪ್ರಶ್ನೆಯೇ. ಮೂರನೆಯವಳು ನಾನು.

“ಸರ್, ಮತಪತ್ರದ ಬೆನ್ನ ಮೇಲೂ ನಂಬರ್ ಇದೆ, ನಮ್ಮ ಪುಸ್ತಕದಲ್ಲಿ ಉಳಿಯೋ ತುಂಡಿನ ಮೇಲೂ ಅದೇ ನಂಬರ್ ಇದೆ. ಆ ತುಂಡಿಗೆ ಮತದಾರರ ರುಜು ಇರುತ್ತೆ. ಎರಡನ್ನೂ ಹೊಂದಿಸಿ ನೋಡಿದ್ರೆ ಯಾರು ಯಾರಿಗೆ ಹಾಕಿದ್ರು ಅಂತ ಗೊತ್ತಾಗಲ್ವಾ?”

ಹಿಂದಿನ ಸಾಲಿನಿಂದ ನಗು ಬಂತು. “ಬಂದ್ರಪ್ಪ ಯಾಕಮ್ಮ” ಎಂದು ನಮ್ಮ ಕ್ಯಾಷಿಯರು ಸೊಂಟದ ನೋವು ಮರೆತು ತಿರುಗಿ ಕೂತರು. ಮೇಷ್ಟ್ರು ನಗಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡರು.

“ಹನ್ನೆರಡು ವರ್ಷದಿಂದ ತರಬೇತಿ ಕೊಡ್ತಿದ್ದೀನಿ. ಈ ಪ್ರಶ್ನೆ ಕೇಳಿದವರು ನೀವೇ ಮೊದಲು. ಮುಂದೆ ಬನ್ನಿ.”

ಅವರು ಮೇಜಿನ ಮೇಲಿನ ಖಾಲಿ ಪೆಟ್ಟಿಗೆ ತೋರಿಸಿದರು. “ಮೊದಲು ನಂಬರ್ ಯಾಕೆ ಅಂತ ಹೇಳ್ತೀನಿ. ನಾವು ನಾನೂರು ಮತಪತ್ರ ಕೊಟ್ಟಿದ್ದೀವಿ, ಪೆಟ್ಟಿಗೇಲಿ ನಾನೂರ ಮೂವತ್ತು ಇದೆ ಅಂದ್ರೆ ಯಾರೋ ಹೊರಗಿನಿಂದ ಕಾಗದ ತಂದು ತುರುಕಿದ್ದಾರೆ ಅಂತ ಅರ್ಥ. ಯಾವುದು ನಮ್ಮದು, ಯಾವುದು ಕಳ್ಳ ಕಾಗದ ಅಂತ ಹಿಡಿಯೋಕೆ ನಂಬರ್ ಬೇಕು. ಅದು ಮತದಾರನ ಮೇಲಿನ ಕಾವಲಲ್ಲ, ಪೆಟ್ಟಿಗೆಯ ಮೇಲಿನ ಕಾವಲು.”

“ಆದ್ರೂ ಹೊಂದಿಸಬಹುದಲ್ವಾ ಸರ್?” ನಾನು ಬಿಡಲಿಲ್ಲ.

“ಹೊಂದಿಸಬೇಕಾದ್ರೆ ಎರಡೂ ಒಬ್ಬರ ಕೈಗೆ ಸಿಗಬೇಕು. ಸಿಗೋದೇ ಇಲ್ಲ. ಮತದಾನ ಮುಗಿದ ಕೂಡಲೇ ನಿಮ್ಮ ಪುಸ್ತಕದಲ್ಲಿ ಉಳಿದ ತುಂಡುಗಳು ಒಂದು ಲಕೋಟೆಗೆ ಹೋಗುತ್ತೆ. ಎಲ್ಲ ಅಭ್ಯರ್ಥಿಗಳ ಏಜೆಂಟರ ಎದುರಿಗೇ ಅರಗು ಹಾಕ್ತೀವಿ. ಅವರೂ ಬೇಕಾದ್ರೆ ತಮ್ಮ ಮೊಹರು ಹಾಕಬಹುದು. ಮತಪತ್ರಗಳು ಪೆಟ್ಟಿಗೇಲಿ ಬೇರೆಯಾಗಿ ಹೋಗುತ್ತೆ. ಎಣಿಸೋ ದಿನ ಹಲವು ಮತಗಟ್ಟೆಗಳ ಕಾಗದಗಳನ್ನ ಒಂದೇ ಡ್ರಮ್ಮಿಗೆ ಸುರಿದು ಕಲಸ್ತಾರೆ. ಆಮೇಲೆ ಮುಖ ನೋಡಿ ಎಣಿಸ್ತಾರೆ, ಬೆನ್ನು ನೋಡಿ ಅಲ್ಲ. ನಿಮ್ಮ ಲಕೋಟೆ ಎಣಿಸೋ ಮೇಜಿನ ಹತ್ತಿರಾನೂ ಬರಲ್ಲ.”

“ಯಾರೂ ಯಾವತ್ತೂ ಆ ಲಕೋಟೆ ತೆಗೆಯಲ್ವಾ?”

ಮೇಷ್ಟ್ರು ಒಂದು ಕ್ಷಣ ಯೋಚಿಸಿದರು. ಅವರು ಸುಳ್ಳು ಹೇಳದೆ ಇದ್ದದ್ದು ನನಗೆ ತುಂಬ ಹಿಡಿಸಿತು. “ತೆಗೀಬಹುದು. ಕಳ್ಳ ಓಟು ಬಿದ್ದಿದೆ ಅಂತ ಕೇಸಾಗಿ, ನ್ಯಾಯಾಲಯ ಆದೇಶ ಕೊಟ್ಟರೆ ಮಾತ್ರ. ನಾನು ತೆಗೆಯೋ ಹಾಗಿಲ್ಲ, ನೀವು ತೆಗೆಯೋ ಹಾಗಿಲ್ಲ. ಗೆದ್ದವರೂ ಅಷ್ಟೇ, ಸೋತವರೂ ಅಷ್ಟೇ. ತೆಗೆದು ಒಬ್ಬರ ಓಟು ಹೊರಗೆ ಹಾಕಿದ್ರೆ ನಮಗೆ ಕೆಲಸ ಹೋಗೋದಲ್ಲ, ಜೈಲು.”

ಊಟದ ಬಿಡುವಿನಲ್ಲಿ ಫಾರಂ ತುಂಬಿ ಅವರ ಕೈಗೇ ಕೊಟ್ಟೆ. ನನ್ನ ಹಿಂದೆ ಕ್ಯಾಷಿಯರೂ ಬಂದು ನಿಂತರು. ಅವರ ಫಾರಂ ಇನ್ನೂ ಮಡಿಕೆ ಬಿಚ್ಚಿರಲಿಲ್ಲ. “ನೀವು ಕೊಟ್ಟಿದ್ದು ನೋಡಿ ನೆನಪಾಯ್ತು” ಎಂದರು. ಅವರು ಓಟು ಹಾಕಿ ಹನ್ನೊಂದು ವರ್ಷವಾಗಿತ್ತಂತೆ.

ಮಾವನಿಗೆ ಬಾಯಿಮಾತು ಸಾಲದೆಂದು ನನಗೆ ಗೊತ್ತಿತ್ತು. ಕಾಗದದ ಮನುಷ್ಯರಿಗೆ ಕಾಗದದಲ್ಲೇ ತೋರಿಸಬೇಕು. ಭಾನುವಾರ ಮಧ್ಯಾಹ್ನ ಟೈಲರಮ್ಮನ ರಸೀದಿ ಪುಸ್ತಕ ಕೇಳಿದೆ. ಬಟ್ಟೆ ಕೊಟ್ಟವರಿಗೆ ಅರ್ಧ ಚೀಟಿ ಹರಿದು ಕೊಡುತ್ತಾಳಲ್ಲ, ಅದು. ಎರಡು ಅರ್ಧಕ್ಕೂ ಒಂದೇ ನಂಬರು. ಒಂಬತ್ತು ಮನೆಯಿಂದ ಒಬ್ಬೊಬ್ಬರಂತೆ ನಮ್ಮ ಅಡುಗೆಮನೆಗೆ ಬಂದರು. ಬಂದದ್ದು ನನ್ನ ಉಪದೇಶ ಕೇಳಲು ಅಲ್ಲ, ಯಾಕಮ್ಮ ಏನೋ ಆಟ ಆಡಿಸುತ್ತಾಳಂತೆ ಎಂದು ನೋಡಲು.

ಒಂದು ಮಾತು ಮೊದಲೇ ಹೇಳಿದೆ. “ನಾನು ಸರ್ಕಾರಿ ಕೆಲಸದವಳು. ಯಾರಿಗೆ ಹಾಕಿ ಅಂತ ನನ್ನ ಬಾಯಲ್ಲಿ ಬರೋ ಹಾಗಿಲ್ಲ. ಹೇಗೆ ಹಾಕೋದು ಅಂತ ಮಾತ್ರ ತೋರಿಸ್ತೀನಿ. ಈಗ ಓಟು ನಲ್ಲಿ ಪಕ್ಕದ ಗೋಡೆಗೆ ಯಾವ ಬಣ್ಣ ಬಳೀಬೇಕು ಅಂತ. ಹಸಿರು ಬಣ್ಣವೋ, ನೀಲಿಯೋ?”

ಒಬ್ಬೊಬ್ಬರೂ ಪುಸ್ತಕದ ತುಂಡಿಗೆ ರುಜು ಹಾಕಿ, ಚೀಟಿ ತೆಗೆದುಕೊಂಡು, ಬಾಗಿಲ ಪರದೆಯ ಹಿಂದೆ ಹೋಗಿ ಬಣ್ಣಕ್ಕೆ ಗುರುತು ಹಾಕಿ, ಮಡಚಿ ಅಕ್ಕಿ ಡಬ್ಬಿಗೆ ಹಾಕಿದರು. ಉಳಿದ ತುಂಡುಗಳನ್ನು ಲಕೋಟೆಗೆ ಹಾಕಿ ಅಂಟಿಸಿದೆ. ಅಂಟಿನ ಮೇಲೆ ಮಾವನ ಕೈಯಲ್ಲೇ ರುಜು ಹಾಕಿಸಿದೆ. ಡಬ್ಬಿ ಅಲ್ಲಾಡಿಸಿ ನೆಲಕ್ಕೆ ಸುರಿದೆ. ಹಸಿರು ಆರು, ನೀಲಿ ಮೂರು.

“ಈಗ ಹೇಳಿ ಮಾವ, ಟೈಲರಮ್ಮ ಹಾಕಿದ್ದು ಯಾವ ಬಣ್ಣಕ್ಕೆ?”

ಮಾವ ಚೀಟಿ ತಿರುಗಿಸಿ ನಂಬರು ಓದಿದರು. ಆಮೇಲೆ ಕೈ ಲಕೋಟೆಯ ಕಡೆ ಹೋಯಿತು.

“ಅದನ್ನ ಮುಟ್ಟೋ ಹಾಗಿಲ್ಲ” ಎಂದೆ. “ನ್ಯಾಯಾಲಯದ ಆದೇಶ ತನ್ನಿ.”

ಎಲ್ಲರೂ ನಕ್ಕರು. ಮಾವನೂ ಕೈ ಹಿಂದಕ್ಕೆ ತೆಗೆದುಕೊಂಡು ನಕ್ಕರು. ನಂಬರು ಕೈಯಲ್ಲೇ ಇದೆ, ಹೆಸರು ಮಾತ್ರ ಲಕೋಟೆಯೊಳಗೆ. “ಅಚ್ಚು ಹಾಕಿದವನಿಗೆ ಆಮೇಲಿನ ಕಥೆ ಗೊತ್ತಿರಲಿಲ್ಲ” ಎಂದರು. “ನಾವು ಕಟ್ಟು ಕಟ್ಟಿ ಕಳಿಸಿಬಿಡ್ತಿದ್ವಿ.”

ಆದರೆ ಅವರ ಮುಖ ಮತ್ತೆ ಮುದುಡಿತು. ಚೀಟಿಯನ್ನು ಬೆರಳಲ್ಲಿ ತೀಡುತ್ತ ಕೇಳಿದರು. “ಹಾಗಾದ್ರೆ ಆವತ್ತು ಧಣಿಗೆ ಹೇಗೆ ಗೊತ್ತಾಯ್ತು?”

ಇದಕ್ಕೆ ಮೇಷ್ಟ್ರು ಉತ್ತರ ಕೊಟ್ಟಿರಲಿಲ್ಲ. ನನಗೂ ಗೊತ್ತಿರಲಿಲ್ಲ. ಗೊತ್ತಿಲ್ಲದಿದ್ದಾಗ ನನಗೆ ಬರುವುದು ಒಂದೇ ವಿದ್ಯೆ, ಪ್ರಶ್ನೆ ಕೇಳುವುದು.

“ಮಾವ, ಆವತ್ತು ಕೋಣೆಯಲ್ಲಿ ಅವರು ಏನಂದ್ರು? ಅದೇ ಮಾತು ಹೇಳಿ.”

“ನೀನು ಯಾರಿಗೆ ಹಾಕಿದ್ದೀಯ ಅಂತ ನನಗೆ ಗೊತ್ತು, ಅಂದ್ರು.”

“ಯಾರಿಗೆ ಅಂತ ಹೆಸರು ಹೇಳಿದ್ರಾ?”

ಮಾವ ಯೋಚಿಸಿದರು. “ಇಲ್ಲ.”

“ನಂಬರ್ ಹೇಳಿದ್ರಾ? ಕಾಗದ ತೋರಿಸಿದ್ರಾ?”

“ಇಲ್ಲ. ಗೊತ್ತು ಅಂದ್ರು, ನನ್ನ ಮುಖ ನೋಡ್ತಾ ಕೂತರು.”

“ನೀವೇನಂದ್ರಿ?”

ಮಾವ ಕೈಯಲ್ಲಿದ್ದ ಚೀಟಿಯನ್ನು ನೆಲದ ಮೇಲಿಟ್ಟರು. ಬಾಗಿಲಲ್ಲಿ ನಿಂತಿದ್ದ ಟೈಲರಮ್ಮ ಒಳಗೆ ಬಂದು ಕೂತಳು.

“ತಪ್ಪಾಯ್ತು ಧಣಿ, ಅಂದೆ.”

“ಬೇರೆಯವರನ್ನೂ ಕರೆದಿದ್ರಲ್ಲ. ಅವರಿಗೇನಂದ್ರಂತೆ?”

“ಹನ್ನೊಂದು ಜನಕ್ಕೂ ಅದೇ ಮಾತು.” ಇಪ್ಪತ್ತೆಂಟು ವರ್ಷ ನಂಬರನ್ನು ಬೈದುಕೊಂಡು ಬಂದವರಿಗೆ ಅಡುಗೆಮನೆಯ ನೆಲದ ಮೇಲೆ ಕೂತು ಅದು ಹೊಳೆಯಿತು. “ಅಯ್ಯೋ! ಅವನಿಗೆ ಏನೂ ಗೊತ್ತಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗಾಯ್ತು. ನಾನು ಕಳ್ಳನೂ ಅಲ್ಲ, ಕುಂಬಳಕಾಯೀನೂ ಕದ್ದಿರಲಿಲ್ಲ. ಆದ್ರೂ ಹೆಗಲು ಮುಟ್ಟಿ ನೋಡ್ಕೊಂಡುಬಿಟ್ಟೆ.”

ಅವರ ಕಣ್ಣು ತುಂಬಿತು. ನನ್ನದೂ ತುಂಬಿತು. ಕಾಗದ ಗುಟ್ಟು ಬಿಟ್ಟುಕೊಟ್ಟಿರಲಿಲ್ಲ, ಹೆದರಿದ ಬಾಯಿ ಬಿಟ್ಟುಕೊಟ್ಟಿತ್ತು. ಅದಕ್ಕಾಗಿ ಒಬ್ಬ ಮನುಷ್ಯ ಇಪ್ಪತ್ತೆಂಟು ವರ್ಷ ತನ್ನ ಹಕ್ಕನ್ನು ಮೂಲೆಗಿಟ್ಟಿದ್ದ.

“ನಮ್ಮ ಓನರು ಹೇಳಿದ್ದೂ ಇದೇ ಮಾತು ಅಲ್ವಾ ಅಕ್ಕ?” ಎಂದಳು ಟೈಲರಮ್ಮ ಮೆಲ್ಲಗೆ.

ಮತದಾನದ ದಿನ ನನ್ನ ಕೆಲಸ ಬೇರೆ ವಾರ್ಡಿನಲ್ಲಿತ್ತು. ಹಾಗಾಗಿ ನಮ್ಮ ಅಂಗಳದಲ್ಲಿ ಏನಾಯಿತೆಂದು ಕಣ್ಣಾರೆ ನೋಡಲಿಲ್ಲ. ಟೈಲರಮ್ಮ ಹೇಳಿದ್ದು ಕೇಳಿದ್ದೇನೆ. ಮಾವ ಬೆಳಿಗ್ಗೆಯೇ ಕ್ಷೌರ ಮಾಡಿಕೊಂಡು, ಒಗೆದ ಅಂಗಿ ಹಾಕಿಕೊಂಡು ಅಂಗಳದಲ್ಲಿ ನಿಂತರಂತೆ. “ಯಾರು ಬರ್ತೀರೋ ಬನ್ನಿ, ನಾನಂತೂ ಹೊರಟೆ” ಎಂದರಂತೆ. ಒಂಬತ್ತು ಮನೆಯ ಬಾಗಿಲೂ ತೆರೆದವು. ಹಾಸಿಗೆ ಹಿಡಿದ ಒಬ್ಬ ಅಜ್ಜಿಯನ್ನು ಬಿಟ್ಟು ಇಪ್ಪತ್ತನಾಲ್ಕು ಜನ ಸಾಲಾಗಿ ಹೋದರಂತೆ. ಇನ್ನೊಂದು ಓಟು ನನ್ನದು, ಅದು ಆಗಲೇ ಅಂಚೆಯಲ್ಲಿ ಹೋಗಿತ್ತು.

ಮತಗಟ್ಟೆಯೊಳಗೆ ಮಾವ ಒಬ್ಬರೇ ಬಹಳ ಹೊತ್ತು ತೆಗೆದುಕೊಂಡರಂತೆ. ಮಾವನೇ ಹೇಳಿದ್ದು, ಮೊಹರು ಒತ್ತಿದ ಮೇಲೆ ಮಸಿ ಆರಲಿ ಎಂದು ಊದಿದರಂತೆ, ಆಮೇಲೆ ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ ಮಡಚಿದರಂತೆ. ಹಾಗೆ ಮಡಚಿದರೆ ಹಸಿ ಮಸಿ ತಾಗಿದರೂ ಖಾಲಿ ಜಾಗಕ್ಕೆ ತಾಗುತ್ತದೆ, ಬೇರೆ ಅಭ್ಯರ್ಥಿಯ ಗುರುತಿಗೆ ಅಂಟುವುದಿಲ್ಲ. ನಾನು ಹೇಳಿಕೊಟ್ಟಿದ್ದೆ. “ಅಚ್ಚಿನ ಕೆಲಸ ನನಗೇ ಹೇಳಿಕೊಡ್ತೀಯಾ?” ಎಂದು ಬೈದೂ ಇದ್ದರು.

ಅತ್ತ ನಾನು ಆ ದಿನ ಪುಸ್ತಕದ ತುಂಡಿನ ಮೇಲೆ ಒಂದೊಂದು ಸಂಖ್ಯೆ ಬರೆಯುವಾಗಲೂ ಹೊಸದಾಗಿ ನೋಡಿದೆ. ಸಂಜೆ ಲಕೋಟೆಗೆ ಅರಗು ಬೀಳುವಾಗ ಎದ್ದು ಹತ್ತಿರ ಹೋಗಿ ನಿಂತೆ. “ಏನ್ ನೋಡ್ತಿದ್ದೀರಿ ಮೇಡಂ?” ಎಂದರು ಅಲ್ಲಿನ ಅಧಿಕಾರಿ. “ಐನೂರ ಹನ್ನೆರಡು ಜನರ ಗುಟ್ಟು ಸರ್” ಎಂದೆ.

ಮರುದಿನ ಬೆಳಿಗ್ಗೆ ಓನರು ನಲ್ಲಿಯ ಹತ್ತಿರ ಬಂದೇ ಬಂದರು. ಎಣಿಕೆಗೆ ಇನ್ನೂ ಎರಡು ದಿನ ಇತ್ತು. ಈ ಸಲ ಅವರು ಕೈ ಮುಗಿಯಲಿಲ್ಲ. ನೇರ ಮಾವನ ಮುಂದೆ ನಿಂತು ಮುಖವನ್ನೇ ನೋಡಿದರು.

“ಏನ್ ಯಜಮಾನ್ರೇ, ಎಲ್ಲರನ್ನೂ ಮೆರವಣಿಗೆ ಕರ್ಕೊಂಡು ಹೋದ್ರಂತೆ. ನೀವು ಯಾರಿಗೆ ಒತ್ತಿದ್ರಿ ಅಂತ ನನಗೆ ಗೊತ್ತಾಯ್ತು.”

ಅದೇ ಮಾತು, ಅದೇ ನೋಟ. ಮಾವ ಕೈಯಲ್ಲಿದ್ದ ಬಿಂದಿಗೆಯನ್ನು ಕಟ್ಟೆಯ ಮೇಲಿಟ್ಟರು. ತಲೆ ಎತ್ತಿ ಓನರ ಕಣ್ಣಿಗೆ ಕಣ್ಣು ಕೊಟ್ಟರು.

“ಹೌದಾ ಸ್ವಾಮಿ? ಯಾರಿಗೆ, ಸ್ವಲ್ಪ ಹೇಳಿಬಿಡಿ. ವಯಸ್ಸಾಯ್ತು ನೋಡಿ, ನನಗೇ ನೆನಪಿಲ್ಲ.”

ಓನರು ಅಂಗಿಯ ತೋಳು ಸರಿಪಡಿಸಿಕೊಂಡರು.

“ನಂದೂ ಹೇಳಿ ಅಣ್ಣ” ಎಂದಳು ಟೈಲರಮ್ಮ, ಬಕೆಟ್ಟು ಕೆಳಗಿಟ್ಟು. “ನಂದು?” ಎಂದರು ಮೂರನೆಯ ಮನೆಯವರು. “ನಮ್ಮ ಮನೆಯ ನಾಲ್ಕೂ ಹೇಳಿ ಸರ್” ಎಂದು ಕೊನೆಯ ಮನೆಯಿಂದ ಕೂಗು ಬಂತು. ಒಂಬತ್ತು ಮನೆಗಳಲ್ಲಿ ಓನರಿಗೇ ಹಾಕಿದವರೂ ಇದ್ದಿರಬಹುದು. ಅವರೂ ಕೇಳಿದರು. ಎಲ್ಲರೂ ಕೇಳಿದರೆ ಒಬ್ಬರನ್ನು ಹಿಡಿಯುವುದು ಹೇಗೆ? ಒಂಬತ್ತೂ ಮನೆ ಖಾಲಿ ಮಾಡಿಸಲು ಸಾಧ್ಯವೇ? ಓನರು ಗಡಿಯಾರ ನೋಡಿಕೊಂಡರು, ಯಾರೋ ಕಾಯುತ್ತಿದ್ದಾರೆ ಎಂದರು, ಹೊರಟುಹೋದರು. ನಲ್ಲಿಯ ಹತ್ತಿರ ಎದ್ದ ನಗು ಅವರ ಬೆನ್ನ ಹಿಂದೆ ಬೀದಿಯ ತಿರುವಿನವರೆಗೂ ಹೋಯಿತು.

ಅವರು ಗೆದ್ದರೋ ಸೋತರೋ ಎಂದು ಕೇಳಬೇಡಿ. ಈ ಕಥೆಗೆ ಅದು ಬೇಕಿಲ್ಲ. ಟೈಲರಮ್ಮನ ಮೆಷಿನ್ನು ಇವತ್ತಿಗೂ ಅದೇ ಮುಂದಿನ ಕೋಣೆಯಲ್ಲಿ ಓಡುತ್ತಿದೆ.

ಆ ಸಂಜೆ ಮಾವ ಬಾಗಿಲಲ್ಲಿ ಕೂತು ಬೆರಳಿನ ಮಸಿಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು. “ಒಳ್ಳೆ ಮಸಿ. ಹರಡಿಲ್ಲ” ಎಂದರು. ಆಮೇಲೆ ನನ್ನ ಕಡೆ ಓರೆಗಣ್ಣಿನಲ್ಲಿ ನೋಡಿದರು.

“ಏನ್ ಯಾಕಮ್ಮ, ಯಾರಿಗೆ ಹಾಕಿದ್ರಿ ಅಂತ ಕೇಳಬೇಕು ಅನ್ನಿಸ್ತಿದೆ ಅಲ್ವಾ?”

“ತುಂಬ ಅನ್ನಿಸ್ತಿದೆ ಮಾವ.”

“ಕೇಳು ಮತ್ತೆ.”

“ಕೇಳಲ್ಲ” ಎಂದೆ. ಹುಟ್ಟಿದಾಗಿನಿಂದ ನಾನು ಬೇಕೆಂದೇ ಕೇಳದೆ ಬಿಟ್ಟ ಪ್ರಶ್ನೆ ಅದೊಂದೇ.

ಅಕ್ಕಂದಿರೇ, ಅಣ್ಣಂದಿರೇ, ಇದನ್ನು ಓದುತ್ತಿರುವವರೇ, ಕೇಳುತ್ತಿರುವವರೇ, ನಿಮ್ಮ ಬೀದಿಯಲ್ಲೂ ಹೀಗೆ ಹೆದರಿಸುವವರು ಇರಬಹುದು. ಅನುಮಾನ ಬಂದರೆ ಮನೆಯಲ್ಲಿ ಕೂರಬೇಡಿ. ಮತಗಟ್ಟೆಯ ಅಧಿಕಾರಿಯನ್ನು ಕೇಳಿ, ನಮ್ಮಂಥ ನೌಕರರನ್ನು ಕೇಳಿ. ಉತ್ತರ ಹೇಳುವುದು ನಮ್ಮ ಕೆಲಸ. ನನ್ನ ಹಾಗೆ ಚುನಾವಣೆ ಕೆಲಸಕ್ಕೆ ಹೋಗುವವರೇ, ಮೇಜಿನ ಖಾನೆಯಲ್ಲಿರುವ ಆ ಫಾರಂ ಇವತ್ತೇ ಹೊರಗೆ ತೆಗೆಯಿರಿ. ಓಟು ಹಾಕಿ, ಸರಿಯಾಗಿ ಮಡಚಿ, ಪೆಟ್ಟಿಗೆಗೆ ಬಿಟ್ಟು ಬನ್ನಿ. ಕಾಗದ ನಿಮ್ಮ ಗುಟ್ಟು ಕಾಯುತ್ತದೆ, ನಿಮ್ಮ ಬಾಯಿಯೂ ಕಾಯಲಿ. ಆಮೇಲೂ ಯಾರಾದರೂ ಬಂದು, “ನೀನು ಯಾರಿಗೆ ಹಾಕಿದ್ದೀಯ ಅಂತ ನನಗೆ ಗೊತ್ತು” ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳಬೇಡಿ. ನಮ್ಮ ಮಾವನ ಹಾಗೆ ಬಿಂದಿಗೆ ಕೆಳಗಿಟ್ಟು, ನಿಧಾನವಾಗಿ ಕೇಳಿ: “ಹೌದಾ? ಯಾರಿಗೆ, ಸ್ವಲ್ಪ ಹೇಳಿಬಿಡಿ.”